ಹಾಫ್ ಇಂಜಿನ್ ಸಾಕಾ, ಫುಲ್ ಮಾಡಿಸಬೇಕಾ? ಒಂದು ಹಳೇ ಟ್ರ್ಯಾಕ್ಟರ್‌ನ ಪ್ರಕರಣ

ಪಾಂಡವಪುರದ ಕಡೆ ಇರುವ ನಮ್ಮ ಸೋದರಮಾವನ ಹತ್ತಿರ ಒಂದು ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಇದೆ. 2003ರ ಮಾಡೆಲ್. ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್, ಪರ್ಕಿನ್ಸ್‌ನ ಹಳೇ ಮೂರು ಸಿಲಿಂಡರ್ ಇಂಜಿನ್ ವಂಶದ್ದು. ಗದ್ದೆಗೆ ಕೇಜ್ ವೀಲ್ ಹಾಕಿ ಕೆಸರು ಹೊಡೆಯೋದು, ಬೇಸಿಗೆಯಲ್ಲಿ ರೋಟವೇಟರ್, ಕಬ್ಬಿನ ಕಾಲದಲ್ಲಿ ಟ್ರೈಲರ್, ಎಲ್ಲ ಮಾಡಿದೆ. ಸ್ವಂತ ಕೆಲಸಕ್ಕಿಂತ ಬಾಡಿಗೆ ಓಡಿದ್ದೇ ಜಾಸ್ತಿ. ಅವರ್ ಮೀಟರ್ ಕೆಟ್ಟು ಎಷ್ಟೋ ವರ್ಷ ಆಯಿತು. ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಕೇಳಿದರೆ ಮಾವ ನಗುತ್ತಾರೆ.

ಈ ಬೇಸಿಗೆಯಲ್ಲಿ ದೂರುಗಳು ಒಟ್ಟಿಗೆ ಬಂದವು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಸ್ಟಾರ್ಟ್ ಆದರೆ ನೀಲಿ ಹೊಗೆ. ಲೋಡ್ ಹಾಕಿದರೆ ಏರಿನಲ್ಲಿ ಉಸಿರು ಬಿಡುತ್ತಿತ್ತು. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಬುಸ್ ಬುಸ್ ಅಂತ ಹೊಗೆ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ‘ಬ್ಯಾಕ್ ಕಂಪ್ರೆಷನ್’. ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಆಯಿಲ್ ಲೈಟ್ ಮಿಣುಕ್ ಮಿಣುಕ್ ಅನ್ನುತ್ತಿತ್ತು.

ಮನೆಯಲ್ಲಿ ಮೂರು ಅಭಿಪ್ರಾಯ. ಮಾವಂದು, “ರಿಂಗ್ ಹಾಕುಸ್ಬುಡನ ಸಾಕು, ಮಿಕ್ಕಿದ್ದು ಮುಂದಿನ್ ವರ್ಷ ನೋಡ್ಕಳನ.” ಊರಿನ ಮೇಸ್ತ್ರಿದು ಅದಕ್ಕೆ ಪೂರ್ತಿ ಉಲ್ಟಾ. “ಗೌಡ್ರೆ, ಇದು ಫುಲ್ ಇಂಜಿನ್ ಕೆಲ್ಸ. ಅರ್ಧಂಬರ್ಧ ಮಾಡಿ ನನ್ ಹೆಸ್ರು ಕೆಡಿಸ್ಕೊಳಾಕಿಲ್ಲ.” ಮಾವನ ಮಗ ಮಾತ್ರ ಇದನ್ನು ಕೊಟ್ಟು ಲೋನ್ ಮೇಲೆ ಹೊಸದು ತರೋಣ ಅಂತ ಕೂತಿದ್ದ. ನನ್ನ ಹೊಟ್ಟೆಪಾಡು ಡೀಸೆಲ್ ಜನರೇಟರ್ ಸರ್ವಿಸ್. ಕಂಪ್ರೆಷನ್ ಗೇಜು, ಪ್ರೆಷರ್ ಗೇಜು, ಮೈಕ್ರೋಮೀಟರ್ ನನ್ನ ಹತ್ತಿರ ಇದ್ದವು. ಹಾಗಾಗಿ ಪಂಚಾಯ್ತಿ ನನ್ನ ತಲೆಗೆ ಬಂತು.

ಗೆರೆ ಎಲ್ಲಿದೆ

ಹಾಫ್, ಫುಲ್ ಅನ್ನೋದನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಹೇಳುತ್ತಾರೆ. ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಹಾಫ್ ಅಂದರೆ ಇಂಜಿನ್‌ನ ಮೇಲಿನ ಮುಚ್ಚಳವಾದ ಹೆಡ್ ಇಳಿಸಿ, ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿ, ಪಿಸ್ಟನ್, ಅದರ ಸುತ್ತ ಕೂರುವ ರಿಂಗ್, ಅದು ಓಡಾಡುವ ಕೊಳವೆಯಾದ ಲೈನರ್, ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗ್ ಬದಲಿಸೋದು. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಪ್ಪ ಶಾಫ್ಟ್, ತನ್ನ ಜಾಗದಲ್ಲೇ ಇರುತ್ತದೆ. ಫುಲ್ ಅಂದರೆ ಕ್ರ್ಯಾಂಕ್ ಹೊರಗೆ ಬರುತ್ತದೆ, ಸವೆದ ಮೈಯನ್ನು ದುಂಡಗೆ ಉಜ್ಜುವ ಗ್ರೈಂಡಿಂಗ್‌ಗೆ ಹೋಗುತ್ತದೆ, ಅದಕ್ಕೆ ತಕ್ಕ ಕಡಿಮೆ ಸೈಜಿನ ಬೇರಿಂಗ್ ಬೀಳುತ್ತದೆ.

ಕಾರಿನಲ್ಲಿ ಇದು ದೊಡ್ಡ ವ್ಯತ್ಯಾಸ ಅಲ್ಲ, ಚೈನ್ ಬ್ಲಾಕ್ ಕಟ್ಟಿ ಇಂಜಿನ್ ಎತ್ತಿದರೆ ಆಯಿತು. ಟ್ರ್ಯಾಕ್ಟರ್‌ನಲ್ಲಿ ಹಾಗಲ್ಲ. ಇಲ್ಲಿ ಷಾಸಿ ಅಂತ ಬೇರೆ ಇಲ್ಲ, ಇಂಜಿನ್ನೇ ಬೆನ್ನೆಲುಬು. ಮುಂದೆ ಆಕ್ಸಲ್, ಹಿಂದೆ ಗೇರ್ ಬಾಕ್ಸ್, ನಡುವೆ ಬೋಲ್ಟ್ ಹಾಕಿ ಬಿಗಿದ ಇಂಜಿನ್. ಕ್ರ್ಯಾಂಕ್ ತೆಗೆಯಬೇಕಾದರೆ ಫ್ಲೈವೀಲ್ ಬರಬೇಕು, ಫ್ಲೈವೀಲ್ ಬರಬೇಕಾದರೆ ಟ್ರ್ಯಾಕ್ಟರನ್ನು ಎರಡು ತುಂಡು ಮಾಡಬೇಕು. ತುಂಡು ಮಾಡಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಎಲ್ಲ ಕಣ್ಣೆದುರು ಬರುತ್ತವೆ. ಅವನ್ನು ಹಾಗೇ ಬಿಟ್ಟು ಮುಚ್ಚುವ ಧೈರ್ಯ ಯಾರಿಗೂ ಇರಲ್ಲ. ಬಿಲ್ಲು ಬೆಳೆಯೋದು ಹೀಗೆ.

ಹಾಗಾಗಿ ನಾನು ಪ್ರಶ್ನೆಯನ್ನೇ ಬದಲಿಸಿದೆ. ಇಂಜಿನ್‌ಗೆ ಎಷ್ಟು ವಯಸ್ಸಾಯಿತು, ಎಷ್ಟು ಹೊಗೆ ಬರುತ್ತಿದೆ ಅನ್ನೋದು ಪಕ್ಕಕ್ಕಿರಲಿ. ಕ್ರ್ಯಾಂಕ್ ಹೊರಗೆ ಬರಲೇಬೇಕಾ? ಇದೊಂದಕ್ಕೆ ಉತ್ತರ ಸಿಕ್ಕರೆ ಹಾಫ್ ಫುಲ್ ಜಗಳ ಮುಗಿಯುತ್ತದೆ. ಆ ಉತ್ತರ ಸಿಗುವ ತನಕ ಒಂದು ವಾಷರ್ ಕೂಡ ಕೊಳ್ಳಬಾರದು ಅಂತ ಮಾವನಿಗೆ ಹೇಳಿದೆ.

ಬಿಚ್ಚುವ ಮುಂಚೆ

ಮೊದಲು ಏರ್ ಕ್ಲೀನರ್. ಇದು ಆಯಿಲ್ ಬಾತ್ ನಮೂನೆಯದು. ಕೆಳಗಿನ ಬಟ್ಟಲಲ್ಲಿ ಆಯಿಲ್ ಬದಲು ಗಟ್ಟಿ ಕೆಸರು ಕೂತಿತ್ತು. ಅದಕ್ಕಿಂತ ಕೆಟ್ಟದ್ದು ಕ್ಲೀನರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್. ಕ್ಲಿಪ್ಪಿನ ಕೆಳಗೆ, ಮೇಲಿಂದ ಕಾಣದ ಜಾಗದಲ್ಲಿ, ಬೆರಳು ತೂರುವಷ್ಟು ಸೀಳಿತ್ತು. ಒಳಗೆ ಬೆರಳಾಡಿಸಿದರೆ ಕೆಮ್ಮಣ್ಣಿನ ನುಣ್ಣನೆ ಪುಡಿ. ರೋಟವೇಟರ್ ಎಬ್ಬಿಸಿದ ಧೂಳು ಸೀದಾ ಸಿಲಿಂಡರ್‌ಗೆ ಹೋಗುತ್ತಿತ್ತು. ಮೇಲ್ಭಾಗ ಯಾಕೆ ಸವೆದಿದೆ ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಇಂಜಿನ್‌ದೇನೂ ತಪ್ಪಿಲ್ಲ, ಮಣ್ಣು ತಿನ್ನಿಸಿದರೆ ಯಾವ ಇಂಜಿನ್ನೂ ತಡೆಯಲ್ಲ.

ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರ್‌ನಲ್ಲಿ ಏಳುವ ಒತ್ತಡ. ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಅದರ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆದೆವು. ಒಂದನೇದು 290 ಪಿಎಸ್‌ಐ (ಒತ್ತಡದ ಅಳತೆ), ಎರಡನೇದು 300, ಮೂರನೇದು 240. ಇಂಥ ಇಂಜಿನ್‌ಗೆ ಇದು ಬಹಳ ಕಡಿಮೆ. ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮೂರೂ 360ರ ಮೇಲೆ ಹೋದವು. ಚಮಚಕ್ಕಿಂತ ಜಾಸ್ತಿ ಬಿಡಬಾರದು. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಇರುವ ಜಾಗ ತೀರಾ ಕಮ್ಮಿ, ಆಯಿಲ್ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಆಯಿಲ್ ಬಿಟ್ಟಾಗ ಏರಿತು ಅಂದರೆ ಸೋರಿಕೆ ರಿಂಗ್ ಕಡೆ. ವಾಲ್ವ್ ಕಡೆ ಆಗಿದ್ದರೆ ಏರುತ್ತಿರಲಿಲ್ಲ.

ಇಷ್ಟು ಹೊತ್ತಿಗೆ ಮೇಲ್ಭಾಗ ಹೋಗಿದೆ ಅಂತ ಖಾತ್ರಿ ಆಗಿತ್ತು. ಆದರೆ ಕ್ರ್ಯಾಂಕ್ ಬಗ್ಗೆ ಇದ್ಯಾವುದೂ ಏನೂ ಹೇಳಲ್ಲ. ಅದಕ್ಕೆ ಸಾಕ್ಷಿ ಬಿಸಿ ಇಂಜಿನ್‌ನ ಆಯಿಲ್ ಪ್ರೆಷರ್. ಕ್ರ್ಯಾಂಕಿನ ಬೇರಿಂಗ್ ಸವೆದರೆ ಸಂದಿಯಲ್ಲಿ ಆಯಿಲ್ ಸೋರಿ ಪ್ರೆಷರ್ ಇಳಿಯುತ್ತದೆ. ಲೈಟ್ ನಂಬಬಾರದು, ಅದರ ಸ್ವಿಚ್ಚೇ ಕೆಟ್ಟಿರಬಹುದು. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ, ಅರ್ಧ ಗಂಟೆ ಲೋಡ್ ಮೇಲೆ ಓಡಿಸಿ ನೋಡಿದೆವು. ಫುಲ್ ಆಕ್ಸಿಲೇಟರ್‌ನಲ್ಲಿ 15 ಪಿಎಸ್‌ಐ. ಈ ಜಾತಿ ಇಂಜಿನ್‌ಗೆ ಬಿಸಿಯಲ್ಲಿ, ಫುಲ್ ಸ್ಪೀಡಿನಲ್ಲಿ 30ರಿಂದ 60 ಇರಬೇಕು. ಮೇಸ್ತ್ರಿ ನನ್ನ ಮುಖ ನೋಡಿ ತಲೆಯಾಡಿಸಿದ. ನಾನೂ ಫುಲ್ ಇಂಜಿನ್ನೇ ಅಂದುಕೊಂಡೆ.

ಅಷ್ಟರಲ್ಲಿ ಮಾವ ಇಂಜಿನ್ ಪರ ವಾದ ಮಾಡೋಕೆ ಒಂದು ಮಾತು ಹೇಳಿದರು. “ಹೊಗೆ ಬುಟ್ರೆ ಏನಂತೆ, ಆಯಿಲ್ ಒಂಚೂರೂ ಕಮ್ಮಿ ಆಗಿಲ್ಲ ಕಣೊ. ಡಿಪ್‌ಸ್ಟಿಕ್ ನೋಡು, ಮೇಲಕ್ಕೇ ಅದೆ.”

ನೀಲಿ ಹೊಗೆ ಬಿಡುವ ಇಂಜಿನ್‌ನಲ್ಲಿ ಆಯಿಲ್ ಕಮ್ಮಿ ಆಗಲೇಬೇಕು. ಆಗುತ್ತಿಲ್ಲ ಅಂದರೆ ಬೇರೆ ಏನೋ ಸೇರುತ್ತಿದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಡೀಸೆಲ್ ವಾಸನೆ. ಒಂದು ತೊಟ್ಟನ್ನು ನ್ಯೂಸ್ ಪೇಪರ್ ಮೇಲೆ ಬಿಟ್ಟೆ. ನಡುವೆ ಕಪ್ಪು ಬೊಟ್ಟು ನಿಂತಿತು, ಅದರ ಸುತ್ತ ತೆಳ್ಳನೆ ಎಣ್ಣೆ ಜಿಡ್ಡಿನ ಉಂಗುರ ಹರಡುತ್ತಾ ಹೋಯಿತು. ಆಯಿಲ್ ಇಳಿಸಿದಾಗ ಹಾಕಿದ್ದಕ್ಕಿಂತ ಜಾಸ್ತಿಯೇ ಬಂತು, ನೀರಿನ ಹಾಗೆ ಸುರಿಯಿತು.

ಕಾರಣ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪ್. ಈ ಇಂಜಿನ್‌ನಲ್ಲಿ ಅದು ಬ್ಲಾಕಿನ ಪಕ್ಕಕ್ಕೆ ಕೂತಿದೆ, ಒಳಗಿನ ಕ್ಯಾಮ್ ಶಾಫ್ಟ್ ಅದನ್ನು ಆಡಿಸುತ್ತದೆ. ಅದರೊಳಗಿನ ಪರದೆ (ಡಯಾಫ್ರಾಮ್) ಹರಿದರೆ ಡೀಸೆಲ್ ಹೊರಗೆ ಬೀಳಲ್ಲ, ಸೀದಾ ಚೇಂಬರ್‌ಗೆ ಇಳಿಯುತ್ತದೆ. ಹೊರಗೆ ಒಂದು ತೊಟ್ಟೂ ಕಾಣಲ್ಲ. ರಿಂಗ್ ದಾಟಿ ಆಯಿಲ್ ಸುಟ್ಟುಹೋಗುತ್ತಿತ್ತು, ಆ ಜಾಗವನ್ನು ಡೀಸೆಲ್ ತುಂಬುತ್ತಿತ್ತು. ಲೆವೆಲ್ ನೋಡಿ ಮಾವ ನೆಮ್ಮದಿಯಾಗಿದ್ದರು. ಪ್ರೆಷರ್ ಇಳಿದಿದ್ದಕ್ಕೆ ಡೀಸೆಲ್ ಬೆರೆತು ತೆಳುವಾದ ಆಯಿಲೂ ಕಾರಣ ಇರಬಹುದು.

ಲಿಫ್ಟ್ ಪಂಪ್ ಬದಲಿಸಿ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಮತ್ತೆ ಅರ್ಧ ಗಂಟೆ ಲೋಡ್ ಮೇಲೆ ಓಡಿಸಿದೆವು. ಈ ಸಲ 27 ಪಿಎಸ್‌ಐ. ಇದೊಂದು ಇಕ್ಕಟ್ಟಿನ ನಂಬರ್. 35 ಬಂದಿದ್ದರೆ ಕೆಳಗೆ ಕೈ ಹಾಕಬೇಡಿ ಅನ್ನುತ್ತಿದ್ದೆ. 15ರಲ್ಲೇ ನಿಂತಿದ್ದರೆ ಆ ದಿನವೇ ಟ್ರ್ಯಾಕ್ಟರ್ ಎರಡು ತುಂಡು ಮಾಡಿಸುತ್ತಿದ್ದೆ. 27 ಅಂದರೆ ಬೇರಿಂಗ್ ಸವೆದಿದೆ, ಎಷ್ಟು ಅಂತ ಕಣ್ಣಲ್ಲಿ ನೋಡಬೇಕು.

ಕೆಳಗಿಂದ ಬಿಚ್ಚಿದ್ದು

ಸಾಮಾನ್ಯವಾಗಿ ಮೆಕ್ಯಾನಿಕ್‌ಗಳು ಹೆಡ್‌ನಿಂದ ಶುರು ಮಾಡುತ್ತಾರೆ. ನಾನು ಚೇಂಬರ್ ಮೊದಲು ಅಂತ ಹಟ ಹಿಡಿದೆ. ಹೆಡ್ ಇಳಿಸಿದರೆ ಮೇಲ್ಭಾಗದ ಸುದ್ದಿ ಮಾತ್ರ ಸಿಗುತ್ತದೆ, ಅದು ಆಗಲೇ ಗೊತ್ತಿತ್ತು. ತೀರ್ಮಾನ ಕೂತಿರೋದು ಕೆಳಗೆ. ಎರಕದ ಚೇಂಬರ್, ಭಾರ ಜಾಸ್ತಿ. ಟ್ರ್ಯಾಕ್ಟರ್‌ಗೆ ಸರಿಯಾಗಿ ಆಧಾರ ಕೊಟ್ಟು, ಚೇಂಬರ್ ಕೆಳಗೆ ಜಾಕ್ ಇಟ್ಟು ಇಳಿಸಿದೆವು.

ಬಿಗ್ ಎಂಡ್ ಬೇರಿಂಗ್ ಎರಡು ತುಂಡಿನದು. ಫೈರಿಂಗ್ ಪೆಟ್ಟು ಬೀಳೋದು ರಾಡ್ ಕಡೆಯ ಮೇಲಿನ ತುಂಡಿಗೆ. ಮೂರರಲ್ಲೂ ಮೇಲಿನ ತುಂಡಿನ ಬೂದು ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು, ಕೆಳಗಿನ ತುಂಡು ಪರವಾಗಿಲ್ಲ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೈನ್ ಬೇರಿಂಗ್‌ನಲ್ಲಿ ಇದು ತಿರುವುಮುರುವು, ಪೆಟ್ಟು ಕ್ಯಾಪ್ ಕಡೆಯ ಕೆಳಗಿನ ತುಂಡಿಗೆ. ಅಲ್ಲಿ ಪದರ ಮಚ್ಚೆ ಮಚ್ಚೆಯಾಗಿ ಸವೆದಿತ್ತು, ಆದರೆ ತಾಮ್ರ ಕಂಡಿರಲಿಲ್ಲ. ಗೀರು ಇರಲಿಲ್ಲ. ತೆಳು ಆಯಿಲ್‌ನಲ್ಲಿ ಓಡಿದ ಬೇರಿಂಗ್ ಹೀಗೇ ಸವೆಯುತ್ತದೆ. ಧೂಳು ಕೆಳಗಿನ ತನಕ ಜಾಸ್ತಿ ಇಳಿದಿದ್ದರೆ ಗೆರೆ ಗೆರೆ ಬಿದ್ದಿರುತ್ತಿತ್ತು.

ಬೇರಿಂಗ್ ಬದಲಿಸುವ ಸಾಮಾನು, ಅದು ಹೋಗಿದ್ದಕ್ಕೆ ಗಾಬರಿ ಬೇಡ. ನೋಡಬೇಕಾದ್ದು ಕ್ರ್ಯಾಂಕಿನ ಪಿನ್, ಅಂದರೆ ಬಿಗ್ ಎಂಡ್ ಬೇರಿಂಗ್ ಕೂರುವ ದುಂಡು ಭಾಗ. ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಮೈಕ್ರೋಮೀಟರ್‌ನಲ್ಲಿ ಒಂದೊಂದು ಪಿನ್ನನ್ನೂ ಎರಡು ದಿಕ್ಕಿನಲ್ಲಿ ಅಳೆದೆ. ಮೊದಲೆರಡು ಪಿನ್ 0.02 ಮಿ.ಮೀ. ಅಂಡಾಕಾರವಾಗಿದ್ದವು. ಮೂರನೇದು 0.04. ನಾನು ಮೊದಲೇ ಹಾಕಿಕೊಂಡಿದ್ದ ಗೆರೆ 0.05. ಅದನ್ನು ದಾಟಿದರೆ ಗ್ರೈಂಡಿಂಗ್, ಮಾತಿಲ್ಲ. ಗೆರೆಯನ್ನು ಅಳೆಯುವ ಮುಂಚೆಯೇ ಹಾಕಿಕೊಳ್ಳಬೇಕು. ಅಳೆದ ಮೇಲೆ ಹಾಕಲು ಕೂತರೆ ಜೇಬು ಎಲ್ಲಿ ಹೇಳುತ್ತೋ ಅಲ್ಲಿ ಗೆರೆ ಬೀಳುತ್ತದೆ, ಅಲ್ವಾ?

ಮೈನ್ ಬೇರಿಂಗ್ ಕೂರುವ ಭಾಗಗಳು, ಅಂದರೆ ಮೈನ್ ಜರ್ನಲ್‌ಗಳು ನಾಲ್ಕು. ಕ್ರ್ಯಾಂಕ್ ಜಾಗದಲ್ಲೇ ಇರುವಾಗ ಅವಕ್ಕೆ ಮೈಕ್ರೋಮೀಟರ್ ಸರಿಯಾಗಿ ಕೂರಲ್ಲ. ಅಲ್ಲಿ ಪ್ಲಾಸ್ಟಿಗೇಜ್ ಹಾಕಿದೆವು. ಮೇಣದ ಎಳೆಯಂಥದ್ದು, ಕ್ಯಾಪ್ ಬಿಗಿದಾಗ ಚಪ್ಪಟೆಯಾಗುತ್ತದೆ, ಎಷ್ಟು ಅಗಲವಾಯಿತು ಅನ್ನೋದರ ಮೇಲೆ ಸಂದು ಲೆಕ್ಕ. ಇದರಲ್ಲಿ ಒಂದು ಮೋಸ ಇದೆ. ಕೆಳಗಿಂದ ಅಳೆಯುವಾಗ ಕ್ರ್ಯಾಂಕ್ ತನ್ನ ಭಾರಕ್ಕೆ ಕೆಳಗಿನ ತುಂಡಿನ ಮೇಲೆ ಕೂತಿರುತ್ತದೆ, ಸಂದು ಕಡಿಮೆ ತೋರಿಸುತ್ತದೆ. ಸಣ್ಣ ಜಾಕಿನಿಂದ ಕ್ರ್ಯಾಂಕನ್ನು ಮೇಲಕ್ಕೆ ಒತ್ತಿ ಹಿಡಿದು ಅಳೆಯಬೇಕು. ಹಾಗೆ ಅಳೆದಾಗ ಹಳೇ ಬೇರಿಂಗ್‌ನಲ್ಲಿ 0.13 ಮಿ.ಮೀ. ಬಂತು. ಪೇಟೆಯ ಪರಿಚಯದ ಅಂಗಡಿಯಿಂದ ಸ್ಟ್ಯಾಂಡರ್ಡ್ ಸೈಜಿನ ಹೊಸ ಸೆಟ್ಟನ್ನು ‘ಆಗದಿದ್ದರೆ ವಾಪಸ್’ ಅಂತ ತಂದು ಕೂರಿಸಿ ನೋಡಿದರೆ 0.09. ಅಂದರೆ ಸವೆದಿದ್ದು ಬಹುಪಾಲು ಬೇರಿಂಗು, ಜರ್ನಲ್ ಅಲ್ಲ. ಕೊನೆಗೆ ಕ್ರ್ಯಾಂಕ್ ಹಿಂದೆ ಮುಂದೆ ಆಡುತ್ತಾ ಅಂತ ಕ್ಲಚ್ ಒತ್ತಿ ಮುಂದಿನ ಪುಲ್ಲಿ ನೋಡಿದೆವು, ಅದೂ ಸರಿಯಿತ್ತು.

ಕ್ರ್ಯಾಂಕ್ ಹೊರಗೆ ಬರಬೇಕಿಲ್ಲ. ಮೂರನೇ ಪಿನ್ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ರಿಂಗ್ ಮಾತ್ರ ಯಾಕೆ ಬೇಡ

ಆಮೇಲೆ ಹೆಡ್ ಇಳಿಸಿದೆವು. ಲೈನರ್‌ನ ಮೇಲ್ತುದಿಯಲ್ಲಿ, ಮೊದಲ ರಿಂಗ್ ತಲುಪುವ ಕೊನೆಯ ಜಾಗದಲ್ಲಿ, ಉಗುರು ಟಕ್ಕಂತ ತಡೆಯುವಷ್ಟು ಮೆಟ್ಟಿಲು. ಬೋರ್ ಗೇಜ್‌ನಲ್ಲಿ ಮೇಲೆ ಕೆಳಗೆ 0.20 ಮಿ.ಮೀ. ವ್ಯತ್ಯಾಸ. ಇಂಥ ಲೈನರ್‌ಗೆ ಹೊಸ ರಿಂಗ್ ಹಾಕಿದರೆ ಪಿಸ್ಟನ್ ಏರಿಳಿದಾಗಲೆಲ್ಲ ರಿಂಗ್ ಹಿಗ್ಗುತ್ತಾ ಕುಗ್ಗುತ್ತಾ ಓಡಬೇಕು, ಎಲ್ಲೂ ಸರಿಯಾಗಿ ಕೂರಲ್ಲ. ಹೊಸ ರಿಂಗಿನ ಚೂಪು ಅಂಚು ಆ ಮೆಟ್ಟಿಲಿಗೆ ಬಡಿದು ಮೊದಲ ರಿಂಗೇ ಮುರಿಯಬಹುದು. ಒಂದು ಸೀಸನ್ ಕೂಡ ನಿಲ್ಲುವ ಕೆಲಸ ಅಲ್ಲ. ಮಾವನ ಬೆರಳನ್ನೇ ಹಿಡಿದು ಆ ಮೆಟ್ಟಿಲ ಮೇಲೆ ಎಳೆಸಿದೆ. ಅವರು ಏನೂ ಹೇಳಲಿಲ್ಲ, ಆದರೆ ರಿಂಗ್ ಮಾತು ಮತ್ತೆ ಬರಲಿಲ್ಲ.

ಹೊಸ ಟ್ರ್ಯಾಕ್ಟರ್ ಮಾತನ್ನು ಬೇಗ ಮುಗಿಸುತ್ತೇನೆ. ಇದೇ ಅಳತೆಯ ಹೊಸದಕ್ಕೆ ಆಗ ಆರು ಲಕ್ಷ ದಾಟುತ್ತಿತ್ತು. ಹಳೇದಕ್ಕೆ ದಲ್ಲಾಳಿ ಒಂದೂವರೆ ಲಕ್ಷದ ಮೇಲೆ ಬಾಯಿ ಬಿಡಲಿಲ್ಲ. ಕಂತು ಕಟ್ಟುವಷ್ಟು ಬಾಡಿಗೆ ಈಗ ಸಿಗಲ್ಲ, ಊರಿನಲ್ಲಿ ಮನೆಗೊಂದು ಟ್ರ್ಯಾಕ್ಟರ್ ಆಗಿದೆ. ಮಗ ಸುಮ್ಮನಾದ.

ಉಳಿದದ್ದು ಮೇಸ್ತ್ರಿ. ಅವನ ವಾದ ಹಗುರ ಅಲ್ಲ. “ಮೇಲ್ಗಡೆ ಹೊಸದ್ ಮಾಡಿದ್ರೆ ಕಂಪ್ರೆಷನ್ ಏರ್ತದೆ, ಕೆಳ್ಗಡೆ ಹಳೇದು ಅದ್ನ ತಡಿಯಾಕಿಲ್ಲ, ಕ್ರ್ಯಾಂಕ್ ಹೊಡ್ಕಂತದೆ.” ಗ್ಯಾರೇಜ್‌ಗಳಲ್ಲಿ ಇದು ವೇದವಾಕ್ಯ. ನನ್ನ ಪ್ರಕಾರ ಇದು ಅರ್ಧ ನಿಜ. ಸವೆದ ಇಂಜಿನ್‌ನಲ್ಲಿ ಒತ್ತಡ ರಿಂಗ್ ಸಂದಿಯಲ್ಲಿ ಸೋರಿಹೋಗುತ್ತದೆ, ಬೇರಿಂಗ್ ಮೇಲೆ ಬೀಳುವ ಪೆಟ್ಟು ಕಮ್ಮಿ. ಮೇಲೆ ಹೊಸದು ಮಾಡಿದಾಗ ಪೆಟ್ಟು ಮೊದಲಿನಷ್ಟಾಗುತ್ತದೆ, ಅದು ಸರಿ. ಆದರೆ ಹೊಸದಾಗಿದ್ದಾಗ ಇದ್ದದ್ದಕ್ಕಿಂತ ಜಾಸ್ತಿ ಏನೂ ಆಗಲ್ಲ. ಪಿನ್ ದುಂಡಗಿದ್ದು, ಸಂದು ಅಳತೆಯಲ್ಲಿದ್ದು, ಆಯಿಲ್ ಪ್ರೆಷರ್ ಇದ್ದರೆ ತಡೆದುಕೊಳ್ಳುತ್ತದೆ. ಕೆಳಗೆ ಬಿಚ್ಚಿ ನೋಡದೆ, ಹಳೇ ಬೇರಿಂಗ್ ಹಾಗೇ ಬಿಟ್ಟು ಮೇಲೆ ಮಾತ್ರ ಮಾಡಿದ ಹಾಫ್ ಇಂಜಿನ್‌ಗಳಿಗೆ ಅವನ ಮಾತು ನೂರಕ್ಕೆ ನೂರು ಸತ್ಯ. ಅಂಥವನ್ನು ಅವನು ಬಹಳ ನೋಡಿದ್ದಾನೆ.

ಅವನ ನಿಜವಾದ ಚಿಂತೆ ಬೇರೆ. ನಾಳೆ ಸದ್ದು ಬಂದರೆ ಬೈಗುಳ ತಿನ್ನೋದು ಅವನೇ. ಫುಲ್ ಮಾಡಿದರೆ ಆ ಭಯ ಇಲ್ಲ. ಮೆಕ್ಯಾನಿಕ್‌ಗಳು ಫುಲ್ ಇಂಜಿನ್ ಅನ್ನೋದು ದುಡ್ಡಿಗೆ ಮಾತ್ರ ಅಂತ ಅಂದುಕೊಳ್ಳೋದು ತಪ್ಪು. ಮಾವನೇ ಅದನ್ನು ಬಗೆಹರಿಸಿದರು. “ಕೆಳಗಿಂದ ಸದ್ದು ಬಂದ್ರೆ ನಿನ್ ಕೇಳಾಕಿಲ್ಲ ಕಣಯ್ಯ. ಇವ್ನ ಕೇಳ್ತೀನಿ.” ಇವನು ಅಂದರೆ ನಾನು.

ಮಾಡಿದ್ದು, ಬಿಟ್ಟಿದ್ದು

ಮೇಸ್ತ್ರಿಯ ಲೆಕ್ಕದಲ್ಲಿ ಫುಲ್ ಇಂಜಿನ್‌ಗೆ ಕ್ಲಚ್ ಸೇರಿ ಲಕ್ಷದ ಹತ್ತಿರ. ನಾವು ಮಾಡಿಸಿದ್ದಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಅಗ್ಗದ ಕೆಲಸವೇನಲ್ಲ.

ಈ ಇಂಜಿನ್‌ದು ಡ್ರೈ ಲೈನರ್, ಅಂದರೆ ಕೂಲಿಂಗ್ ನೀರು ತಾಗದೆ ಬ್ಲಾಕಿನೊಳಗೆ ಬಿಗಿಯಾಗಿ ಕೂರುವಂಥದ್ದು. ಅದರಲ್ಲಿ ಎರಡು ನಮೂನೆ ಸಿಗುತ್ತದೆ. ಸೆಮಿ ಫಿನಿಶ್ ತಂದರೆ ಬ್ಲಾಕಿಗೆ ಒತ್ತಿ ಕೂರಿಸಿದ ಮೇಲೆ ಬೋರ್ ಮಾಡಬೇಕು, ಬ್ಲಾಕ್ ಬೋರಿಂಗ್ ಅಂಗಡಿಗೆ ಹೋಗಬೇಕು, ಅಂದರೆ ಮತ್ತೆ ಟ್ರ್ಯಾಕ್ಟರ್ ಎರಡು ತುಂಡು. ಫುಲ್ ಫಿನಿಶ್ ಆದರೆ ಹಳೇದನ್ನು ಪುಲ್ಲರ್‌ನಲ್ಲಿ ಎಳೆದು ಜಾಗದಲ್ಲೇ ಹೊಸದು ಕೂರಿಸಬಹುದು. ಬೆಲೆ ಜಾಸ್ತಿಯಾದರೂ ಅದನ್ನೇ ತಂದೆವು. ಪಿಸ್ಟನ್, ರಿಂಗ್, ಬಿಗ್ ಎಂಡ್ ಬೇರಿಂಗ್ ಹೊಸದು. ಮೈನ್ ಬೇರಿಂಗನ್ನು ಒಂದೊಂದೇ ಕ್ಯಾಪ್ ಬಿಚ್ಚಿ, ಮೇಲಿನ ತುಂಡನ್ನು ಕ್ರ್ಯಾಂಕ್ ತಿರುಗಿಸುತ್ತಾ ಹೊರಗೆ ಜಾರಿಸಿ, ಹೊಸದನ್ನು ಹಾಗೇ ಒಳಗೆ ಜಾರಿಸಿದೆವು. ನಿಧಾನದ ಕೆಲಸ, ಮೇಸ್ತ್ರಿ ಅದನ್ನು ಹೂವಿನಂತೆ ಮಾಡಿದ. ಆಯಿಲ್ ಪಂಪ್ ಮುಂದಿನ ಮೈನ್ ಕ್ಯಾಪ್ ಮೇಲೇ ಇರುವುದರಿಂದ ಅದನ್ನೂ, ಅದರ ರಿಲೀಫ್ ವಾಲ್ವನ್ನೂ ಬಿಚ್ಚಿ ತೊಳೆದು ನೋಡಿದೆವು. ಹೆಡ್‌ನಲ್ಲಿ ವಾಲ್ವ್ ಗೈಡ್ ಬದಲಿಸಿ ಸೀಟ್ ಉಜ್ಜಿಸಿದೆವು. ನಾಜಲ್ ಚೆಕ್ ಮಾಡಿಸಿದೆವು. ನಾಜಲ್‌ಗೆ ಡೀಸೆಲ್ ಅಳೆದು ಕೊಡುವ ಪಂಪ್ ಮುಟ್ಟಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದ್ದೆ. ಇಂಜಿನ್ ಕೆಲಸದ ಜೊತೆ ‘ಸ್ವಲ್ಪ ಡೀಸೆಲ್ ಜಾಸ್ತಿ ಕೊಡೋದು’ ಒಂದು ಚಟ, ಹಾಗೆ ಮಾಡಿದರೆ ಮೇಸ್ತ್ರಿಯ ವೇದವಾಕ್ಯ ನಿಜವಾಗಿಬಿಡುತ್ತದೆ.

ಮತ್ತೆ, ಏರ್ ಹೋಸ್. ಇಡೀ ಪಟ್ಟಿಯಲ್ಲಿ ಅದೇ ಅಗ್ಗದ ಸಾಮಾನು. ಅದನ್ನು ಬದಲಿಸದಿದ್ದರೆ ಹಾಫ್ ಮಾಡಿದರೂ ಫುಲ್ ಮಾಡಿದರೂ ಒಂದೇ.

ಬಿಟ್ಟದ್ದು ಟೈಮಿಂಗ್ ಗೇರ್, ಕ್ಯಾಮ್ ಶಾಫ್ಟ್, ಕ್ಲಚ್, ಹಿಂದಿನ ಕ್ರ್ಯಾಂಕ್ ಸೀಲ್. ಆ ಸೀಲ್ ಹಗ್ಗದ ನಮೂನೆಯದು, ಸಣ್ಣಗೆ ಜಿನುಗುತ್ತಿತ್ತು, ಈಗಲೂ ಜಿನುಗುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ ಒಂದು ಜಗಳ ಆಯಿತು. ರಾತ್ರಿಯಿಡೀ ಐಡಲ್‌ನಲ್ಲಿ ಓಡಲಿ, ‘ಫ್ರೀ’ ಆಗಲಿ ಅಂತ ಮಾವ. ಇದು ಎಲ್ಲ ಕಡೆ ಇರುವ ಪದ್ಧತಿ, ಹೊಸ ಲೈನರ್‌ಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಲೋಡ್ ಇಲ್ಲದಿದ್ದರೆ ರಿಂಗನ್ನು ಲೈನರ್‌ಗೆ ಒತ್ತುವ ಒತ್ತಡ ಇರಲ್ಲ. ಎರಡೂ ಉಜ್ಜಿ ಕೂರುವ ಬದಲು ಲೈನರ್ ಮೇಲೆ ಗಾಜಿನಂಥ ನುಣುಪು ಕಟ್ಟುತ್ತದೆ, ಆಮೇಲೆ ಜನ್ಮಪೂರ್ತಿ ಆಯಿಲ್ ತಿನ್ನುತ್ತದೆ. ಬಿಸಿ ಆದ ತಕ್ಷಣ ಖಾಲಿ ಟ್ರೈಲರ್ ಕಟ್ಟಿ ಕಳಿಸಿದೆವು. ಮೊದಲ 50 ಗಂಟೆ ಅರ್ಧ ಲೋಡ್, ನಡುವೆ ಹೆಡ್ ಬೋಲ್ಟ್ ಮತ್ತೆ ಟಾರ್ಕ್, 50ಕ್ಕೆ ಆಯಿಲ್ ಬದಲಾವಣೆ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಾಗ ಟ್ರ್ಯಾಕ್ಟರ್ ತಯಾರಿತ್ತು. ಕೆಸರು ಹೊಡೆಯುವ ಸೀಸನ್ ಮುಗಿದ ಮೇಲೆ ಗೇಜ್ ಹಾಕಿ ನೋಡಿದೆ. ಬಿಸಿಯಲ್ಲಿ, ಫುಲ್ ಸ್ಪೀಡಿನಲ್ಲಿ 38 ಪಿಎಸ್‌ಐ. ಸೆಲ್ಫ್ ಒಂದೇ ಸಲಕ್ಕೆ ಹಿಡಿಯುತ್ತದೆ. ಬ್ರೀದರ್ ಹತ್ತಿರ ಕೈ ಇಟ್ಟರೆ ಬೆಚ್ಚನೆ ಗಾಳಿ, ಅಷ್ಟೇ. ಆ ಗೇಜನ್ನು ಬಿಚ್ಚದೆ ಅಲ್ಲೇ ಬಿಟ್ಟು, ಡ್ಯಾಶ್ ಬೋರ್ಡಿಗೆ ಪೈಪ್ ಎಳೆಸಿದ್ದೇನೆ. ಮುಳ್ಳು ಬಿಸಿಯಲ್ಲಿ 25ರ ಕೆಳಗೆ ಇಳಿದರೆ ಫೋನ್ ಮಾಡಬೇಕು ಅಂತ ಮಾವನಿಗೆ ಹೇಳಿದೆ.

ಮೂರನೇ ಪಿನ್ ದುಂಡಗಾಗಿಲ್ಲ, ಆಗೋದೂ ಇಲ್ಲ. ಆದರೆ ಕ್ಲಚ್ ಪ್ಲೇಟ್ ಎರಡು ವರ್ಷಕ್ಕಿಂತ ಜಾಸ್ತಿ ಬರಲ್ಲ ಅಂತ ಮೇಸ್ತ್ರಿ ಪೆಡಲ್ ಒತ್ತಿ ನೋಡಿಯೇ ಹೇಳಿದ್ದಾನೆ. ಅದಕ್ಕಾಗಿ ಟ್ರ್ಯಾಕ್ಟರ್ ಹೇಗೂ ಎರಡು ತುಂಡಾಗಬೇಕು. ಅವತ್ತು ಕ್ರ್ಯಾಂಕ್ ತೆಗೆದು ‘ಟೆನ್ ಸೈಜ್’ಗೆ, ಅಂದರೆ 0.25 ಮಿ.ಮೀ. ಕಡಿಮೆಗೆ ಗ್ರೈಂಡಿಂಗ್ ಮಾಡಿಸೋದು, ಹಗ್ಗದ ಸೀಲನ್ನೂ ಬದಲಿಸೋದು ಅಂತ ಮಾತಾಗಿದೆ. ಮೇಸ್ತ್ರಿ ಅದನ್ನು ತನ್ನ ಗ್ಯಾರೇಜಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದಾನೆ.